ಹಳೇ ಇಂಜೆಕ್ಷನ್, ಹೊಸ ಕಾರ್ಬೊರೇಟರ್

ಕಾರ್ಬೊರೇಟರ್ ಕಿತ್ತು ಫ್ಯುಯಲ್ ಇಂಜೆಕ್ಷನ್ ಕೂರಿಸಿದ್ವಿ ಅಂದ ಕೂಡಲೇ, ಹಳೇ ಗಾಡಿಗೆ ಹೊಸ ಟೆಕ್ನಾಲಜಿ ಹಾಕಿದ್ದಾರೆ ಅಂತ ಎಲ್ಲರೂ ತಿಳ್ಕೋತಾರೆ. ನಾನು ಹೇಳ್ತಿರೋ ಕಾರಿನ ವಿಷಯದಲ್ಲಿ ಅದು ಉಲ್ಟಾ. ಅದು 1973ರ ಪೋರ್ಷೆ 914, ಎರಡು ಲೀಟರ್ ಇಂಜಿನ್ನಿನದು. ಫ್ಯಾಕ್ಟರಿಯಿಂದ ಹೊರಗೆ ಬರುವಾಗಲೇ ಅದಕ್ಕೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಇತ್ತು. ಕಾರ್ಬೊರೇಟರ್ ಬಂದಿದ್ದು ಆಮೇಲೆ, 1991ರಲ್ಲಿ. ಅಂದರೆ ನಾವು ಮಾಡಿದ್ದು ಅಪ್‌ಗ್ರೇಡ್ ಅಲ್ಲ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೋಲ್‌ಬ್ಯಾಕ್.

914 ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಫೋಕ್ಸ್‌ವ್ಯಾಗನ್ ಮತ್ತು ಪೋರ್ಷೆ ಜೊತೆಗೂಡಿ ಮಾಡಿದ ಕಾರು. 1969ರಿಂದ 1976ರವರೆಗೆ ಬಂತು, ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯ್ತು. ಎರಡೇ ಸೀಟು. ಇಂಜಿನ್ ಸೀಟಿನ ಬೆನ್ನ ಹಿಂದೆ, ಗಾಳಿಯಲ್ಲೇ ತಣ್ಣಗಾಗೋದು, ನಾಲ್ಕು ಸಿಲಿಂಡರ್ ಅಂಗಾತ ಮಲಗಿರುತ್ತವೆ. ನೋಡೋಕೆ ಸೋಪಿನ ಡಬ್ಬಿ ಥರ. ಪೋರ್ಷೆ ಅಭಿಮಾನಿಗಳಲ್ಲಿ ಸ್ವಲ್ಪ ಮಡಿವಂತರು ಇದನ್ನ ಪೋರ್ಷೆ ಅಂತ ಒಪ್ಪೋದೇ ಇಲ್ಲ, ಇಂಜಿನ್ ಫೋಕ್ಸ್‌ವ್ಯಾಗನ್‌ದು ಅಂತ ಮೂಗು ಮುರೀತಾರೆ. ಓಡಿಸಿದವರು ಆ ಮಾತು ಆಡಲ್ಲ.

ಕಾರು ನನ್ನದಲ್ಲ. ಸನ್ನಿವೇಲ್‌ನಲ್ಲಿ ನಮ್ಮ ಬೀದಿಯ ಕೊನೆ ಮನೆಯವರದು. ಅವರಿಗೆ ಎಪ್ಪತ್ತೊಂಬತ್ತು. ಅಮೆರಿಕದ ಪದ್ಧತಿಯಂತೆ ನಾನವರನ್ನ ಹೆಸರು ಹಿಡಿದು ಕರೀಬೇಕು. ಹನ್ನೊಂದು ವರ್ಷ ಅಲ್ಲಿದ್ದರೂ ನನಗೆ ಅದು ಬಾಯಿಗೆ ಬರಲಿಲ್ಲ. ಇಲ್ಲಿ ಯಜಮಾನರು ಅಂತಲೇ ಬರೀತೀನಿ. ಅಳತೆ ಉಪಕರಣಗಳ ಕೆಲಸ ಮಾಡಿ ರಿಟೈರ್ ಆದವರು. ಗ್ಯಾರೇಜಿನಲ್ಲಿ ಕಾರಿನ ಪಕ್ಕ ಒಂದು ಹಳೇ ಆಸಿಲೋಸ್ಕೋಪು, ಅದರ ಕೆಳಗೆ ಮೂರು ರಟ್ಟಿನ ಪೆಟ್ಟಿಗೆ. 1991ರಲ್ಲಿ ವರ್ಕ್‌ಶಾಪಿನವನು ಕಿತ್ತುಕೊಟ್ಟ ಇಂಜೆಕ್ಷನ್ ಸಾಮಾನು ಪೂರ್ತಿ ಅದರಲ್ಲಿತ್ತು. ಮೂವತ್ತು ವರ್ಷದ ಮೇಲಾದರೂ ಎಸೆದಿರಲಿಲ್ಲ. "ತೆಗೆಸಿದ್ದು ನಾನು. ವಾಪಸ್ ಹಾಕಿಸಬೇಕಾದವನೂ ನಾನೇ. ಆದ್ರೆ ಬೆರಳು ಮಡಚೋಕಾಗ್ತಿಲ್ಲ, ಸಣ್ಣ ನಟ್ಟು ಕಾಣಿಸ್ತಿಲ್ಲ" ಅಂದರು.

ನನಗೆ ಬೆರಳೂ ಮಡಚ್ತಿತ್ತು, ಟೈಮೂ ಇತ್ತು. ಯಾಕಂದ್ರೆ ಆ ವಾರವೇ ನನ್ನ ಕೆಲಸ ಹೋಗಿತ್ತು. ನಮ್ಮ ಟೀಮಿಗೆ ಟೀಮೇ ಒಂದು ಬೆಳಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗದೆ ಕೂತಿತ್ತು. ಎಚ್-1ಬಿ ವೀಸಾದವನಿಗೆ ಕೆಲಸ ಹೋದ ದಿನದಿಂದ ಅರವತ್ತು ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕದಿದ್ದರೆ ಗಂಟುಮೂಟೆ ಕಟ್ಟಬೇಕು. ಯಜಮಾನರು ದುಡ್ಡು ಕೊಡ್ತೀನಿ ಅಂದರು. ಬೇಡ ಅಂದೆ. ದೊಡ್ಡತನಕ್ಕಲ್ಲ, ಆ ವೀಸಾದಲ್ಲಿ ಹೊರಗಡೆ ಕೂಲಿ ತಗೊಂಡ್ರೆ ಅದೇ ಒಂದು ತಪ್ಪಾಗುತ್ತೆ. ಬೆಳಗ್ಗೆ ಅರ್ಜಿ, ಇಂಟರ್‌ವ್ಯೂ. ಮಧ್ಯಾಹ್ನದ ಮೇಲೆ ಗ್ಯಾರೇಜು. ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ರೀ, ಕೆಲಸ ಹೋಗಿರೋದು ನಿಮ್ದು, ರಿಪೇರಿ ಆಗ್ತಿರೋದು ಅವರ ಕಾರು. ಲೆಕ್ಕ ಸರಿ ಇದೆಯಾ ನೋಡಿ."

ಈ ಕಾರಿನ ಇಂಜೆಕ್ಷನ್ನಿಗೆ ಡಿ-ಜೆಟ್ರಾನಿಕ್ ಅಂತ ಹೆಸರು. ಡಿ ಅಂದರೆ ಜರ್ಮನ್ನಿನಲ್ಲಿ ದ್ರುಕ್, ಒತ್ತಡ. ಇದರ ಮೂಲ ಅಮೆರಿಕದ್ದು. ಬೆಂಡಿಕ್ಸ್ ಕಂಪನಿ 1957ರಲ್ಲೇ ಎಲೆಕ್ಟ್ರೋಜೆಕ್ಟರ್ ಅಂತ ಒಂದನ್ನ ತಂದಿತ್ತು. 1958ರ ಕ್ರೈಸ್ಲರ್ ಕಾರುಗಳಲ್ಲಿ ಕೆಲವಕ್ಕೆ ಹಾಕಿದರು. ನೆಟ್ಟಗೆ ನಡೀಲಿಲ್ಲ, ಬಹುತೇಕ ಕಾರುಗಳಿಗೆ ಮತ್ತೆ ಕಾರ್ಬೊರೇಟರ್ ಹಾಕಿಕೊಟ್ಟರು. ಹಾಗಾಗಿ ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಹಾಕೋ ಸಂಪ್ರದಾಯ ಹೊಸದೇನಲ್ಲ, ಎಲೆಕ್ಟ್ರಾನಿಕ್ ಇಂಜೆಕ್ಷನ್ ಹುಟ್ಟಿದಾಗಿಂದಲೇ ಇದೆ! ಆ ಪೇಟೆಂಟುಗಳನ್ನ ಬಾಷ್ ತಗೊಂಡು, ತಿದ್ದಿ, 1967ರಲ್ಲಿ ಅಮೆರಿಕಕ್ಕೆ ಕಳಿಸೋ ಫೋಕ್ಸ್‌ವ್ಯಾಗನ್ 1600ಕ್ಕೆ ಹಾಕಿತು. ಅಮೆರಿಕದ ಹೊಸ ಹೊಗೆ ಕಾನೂನು ಕುತ್ತಿಗೆಗೆ ಬಂದಿತ್ತು. ಆಗಿನ್ನೂ ಮೈಕ್ರೋಪ್ರೊಸೆಸರ್ ಅನ್ನೋದೇ ಹುಟ್ಟಿರಲಿಲ್ಲ. ಇಂಟೆಲ್ 4004 ಬಂದಿದ್ದು 1971ರಲ್ಲಿ.

ಪ್ರೊಸೆಸರ್ ಇಲ್ಲ ಅಂದ ಮೇಲೆ ಲೆಕ್ಕ ಮಾಡೋದು ಯಾರು? ಇದು ನನ್ನನ್ನ ಆ ಗ್ಯಾರೇಜಿಗೆ ಕಟ್ಟಿಹಾಕಿದ ಪ್ರಶ್ನೆ. ಕಂಪ್ಯೂಟರ್ ಅನ್ನೋ ಪೆಟ್ಟಿಗೆ ಬಿಚ್ಚಿದರೆ ಒಳಗೆ ಕೆಲವು ಡಜನ್ ಟ್ರಾನ್ಸಿಸ್ಟರು, ರೆಸಿಸ್ಟರು, ಕೆಪ್ಯಾಸಿಟರು. ಒಂದು ಸಾಲು ಕೋಡ್ ಇಲ್ಲ. ಪಂಪು ಪೆಟ್ರೋಲನ್ನ ಸುಮಾರು ಎರಡು ಬಾರ್ ಒತ್ತಡದಲ್ಲಿ ಹಿಡಿದಿಟ್ಟಿರುತ್ತೆ. ಇಂಜೆಕ್ಟರ್ ಅನ್ನೋದು ಬರೀ ಒಂದು ನಲ್ಲಿ. ಎಷ್ಟು ಹೊತ್ತು ತೆರೆದಿರಬೇಕು, ಕೆಲವು ಮಿಲಿಸೆಕೆಂಡಿನ ಆ ಲೆಕ್ಕವೇ ಇಡೀ ಸಿಸ್ಟಮ್ಮು. ಅದನ್ನ ಬಹುಪಾಲು ತೀರ್ಮಾನ ಮಾಡೋದು ಮುಷ್ಟಿ ಗಾತ್ರದ ಒಂದು ಡಬ್ಬಿ, ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್. ಅದರೊಳಗೆ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿಗಳು, ಒಂದು ಡಯಾಫ್ರಮ್, ಸ್ಪ್ರಿಂಗು. ಇಂಜಿನ್ ಎಳೆಯೋ ಗಾಳಿಯ ಒತ್ತಡ ಬದಲಾದ ಹಾಗೆ ಅವು ಹಿಗ್ಗಿ ಕುಗ್ಗಿ ಒಂದು ಕಬ್ಬಿಣದ ತುಂಡನ್ನ ತಂತಿ ಸುತ್ತಿದ ಕಾಯಿಲ್ ಒಳಗೆ ಹಿಂದೆ ಮುಂದೆ ಸರಿಸ್ತವೆ. ಇಂಡಕ್ಟೆನ್ಸ್ ಬದಲಾಗುತ್ತೆ, ಅದಕ್ಕೆ ತಕ್ಕ ಹಾಗೆ ನಲ್ಲಿ ತೆರೆಯೋ ಹೊತ್ತು ಬದಲಾಗುತ್ತೆ. ನಾವು ಇವತ್ತು ಟೇಬಲ್ ಮಾಡಿ ಮೆಮೊರಿಯಲ್ಲಿ ಇಡೋದನ್ನ ಅವರು ಸ್ಪ್ರಿಂಗಿನಲ್ಲಿ ಬರೆದಿಟ್ಟಿದ್ದಾರೆ. ಬಿಇ ಎರಡನೇ ವರ್ಷದಲ್ಲಿ ಇಂಡಕ್ಟೆನ್ಸ್ ಬಗ್ಗೆ ಬರೆದ ಉತ್ತರಗಳೆಲ್ಲ ಆ ಡಬ್ಬಿ ನೋಡಿದ ದಿನ ಅರ್ಥವಾದವು.

ಇಷ್ಟು ಚಂದದ ವ್ಯವಸ್ಥೆಯನ್ನ ಯಾಕೆ ಕಿತ್ತರು? ಯಾಕಂದ್ರೆ ಅದು ಕೆಟ್ಟಾಗ ಯಾರಿಗೂ ರಿಪೇರಿ ಗೊತ್ತಿರಲಿಲ್ಲ. 914ಗಳಲ್ಲಿ ಹೀಗೆ ಕಾರ್ಬೊರೇಟರಿಗೆ ಬದಲಾದವು ಬೇಕಾದಷ್ಟಿವೆ. ಇದು ನನಗೆ ಹೊಸ ಕಥೆಯಲ್ಲ. ನಮ್ಮೂರು ಅರಸೀಕೆರೆ ಕಡೆ. ಊರಿನ ಮೆಕ್ಯಾನಿಕ್ಕು ಬೈಕಿನ ಕಾರ್ಬೊರೇಟರ್ ಬಿಚ್ಚಿ, ಜೆಟ್ಟನ್ನ ಬಾಯಲ್ಲಿ ಊದಿ, ಸ್ಕ್ರೂ ತಿರುಗಿಸಿ, ಕಿವಿಯಲ್ಲೇ ಟ್ಯೂನ್ ಮಾಡ್ತಿದ್ದ. 2020ರಲ್ಲಿ ಬಿಎಸ್-6 ಬಂದು ಬೈಕು, ಮೊಪೆಡ್ಡಿಗೂ ಇಂಜೆಕ್ಷನ್ ಬಂದ ಮೇಲೆ ಅವನೇ, "ಇದು ನಮ್ ಕೈಲಾಗಲ್ಲ ಸಾರ್, ಶೋರೂಮಿಗೆ ಹೋಗಿ" ಅಂತ ಕೈ ಮುಗೀತಾನೆ. ಅವನಿಗೆ ತಲೆ ಇಲ್ಲ ಅಂತಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಸ್ಕ್ಯಾನರ್ ಕೊಟ್ಟಿಲ್ಲ. 1991ರ ಕ್ಯಾಲಿಫೋರ್ನಿಯಾದ ಆ ವರ್ಕ್‌ಶಾಪಿನವನದೂ ಇದೇ ಕಥೆ ಇರಬೇಕು. ಅವನು ಹಾಕಿದ್ದು ವೆಬರ್ 40 ಐಡಿಎಫ್, ಎರಡು. ಒಳ್ಳೇ ಕಾರ್ಬೊರೇಟರ್ ಅದು, ದೂರೋ ಹಾಗಿಲ್ಲ. ಆದರೆ ಜೆಟ್ ಸೈಜು ಹೊಂದಿಸದೆ ಕೂರಿಸಿದ್ದ. ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸೋದು, ಗ್ಯಾರೇಜ್ ತುಂಬ ಪೆಟ್ರೋಲ್ ವಾಸನೆ.

ಮೊದಲ ದಿನವೇ ಒಂದು ಜಗಳ ಆಯ್ತು. ನಾನು ಹೇಳಿದ್ದು: ಈಗ ಲ್ಯಾಪ್‌ಟಾಪಿನಿಂದ ಪ್ರೋಗ್ರಾಮ್ ಮಾಡೋ ಇಂಜೆಕ್ಷನ್ ಕಂಪ್ಯೂಟರ್ ಸಿಗುತ್ತೆ, ಅದನ್ನ ಹಾಕೋಣ, ಒಂದು ವಾರದಲ್ಲಿ ಟ್ಯೂನ್ ಮಾಡಿಕೊಡ್ತೀನಿ. ಅವರು ಒಪ್ಪಲಿಲ್ಲ. "ನೀನು ಹೋದ ಮೇಲೆ ಅದರ ಫೈಲು ಯಾರು ತೆಗೀತಾರೆ?" ಅಂದರು. ನಾನು ಹೋಗ್ತೀನಿ ಅಂತ ಅವರು ಆಗಲೇ ಲೆಕ್ಕ ಹಾಕಿದ್ದರೋ ಏನೋ, ನಾನು ಕೇಳಲಿಲ್ಲ. ಈಗಲೂ ನನ್ನ ಅಭಿಪ್ರಾಯ ಅದೇ. ದಿನಾ ಓಡಿಸೋ ಹಳೇ ಕಾರಿಗೆ ಹೊಸ ಕಂಪ್ಯೂಟರೇ ಮೇಲು. ಆದರೆ ಕಾರು ಅವರದು, ಪೆಟ್ಟಿಗೆ ಅವರದು, ಮೂವತ್ತು ವರ್ಷ ಕಾದವರೂ ಅವರು.

ಕೆಲಸಕ್ಕೆ ಕೈ ಹಾಕೋ ಮೊದಲು ಒಂದು ವಿಷಯ ಪರೀಕ್ಷೆ ಮಾಡಲೇಬೇಕಿತ್ತು. ಕಾರ್ಬೊರೇಟರ್ ಹಾಕುವಾಗ ಎಷ್ಟೋ ಜನ ಇಂಜಿನ್ ಬಿಚ್ಚಿ ಕ್ಯಾಮ್‌ಶಾಫ್ಟನ್ನೂ ಬದಲಾಯಿಸಿಬಿಡ್ತಾರೆ. ಜೋರು ಕ್ಯಾಮ್ ಇದ್ದರೆ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕಡಿಮೆಯಾಗುತ್ತೆ, ನಡುಗುತ್ತೆ. ಒತ್ತಡ ನೋಡಿಯೇ ಪೆಟ್ರೋಲ್ ಅಳೆಯೋ ಡಿ-ಜೆಟ್ರಾನಿಕ್‌ಗೆ ಆಗ ತಲೆಬುಡ ತಿಳಿಯಲ್ಲ. ಕ್ಯಾಮ್ ಬದಲಾಗಿದ್ದರೆ ನಮ್ಮ ಆಟ ಅಲ್ಲಿಗೇ ಮುಗೀತಿತ್ತು. ವಾಲ್ವ್ ಕವರ್ ತೆಗೆದು, ಡಯಲ್ ಗೇಜ್ ಇಟ್ಟು, ಇಂಜಿನ್ನನ್ನ ಕೈಯಲ್ಲಿ ತಿರುಗಿಸ್ತಾ ಒಂದೊಂದೇ ವಾಲ್ವ್ ಎಷ್ಟು ಏಳುತ್ತೆ ಅಂತ ಅಳೆದೆವು. ಅಳತೆ ನಾನು ಕೂಗೋದು, ಅವರು ಬರ್ಕೊಳ್ಳೋದು. ಎಂಟಕ್ಕೆ ಎಂಟೂ ಫ್ಯಾಕ್ಟರಿ ಲೆಕ್ಕಕ್ಕೆ ತಾಳೆಯಾಯ್ತು. ಯಜಮಾನರು ಒಳಗೆ ಹೋಗಿ ಎರಡು ಬಿಯರ್ ತಂದರು. ಮಧ್ಯಾಹ್ನ ಮೂರು ಗಂಟೆ.

ಆಮೇಲೆ ಪೆಟ್ರೋಲ್ ಪೈಪು. ಇದನ್ನ ಯಾರೂ ಫೋಟೋ ಹಾಕಿ ಹೊಗಳಲ್ಲ, ಆದರೆ ಜೀವಕ್ಕೆ ಸಂಬಂಧಪಟ್ಟಿದ್ದು ಇದೊಂದೇ. ಟ್ಯಾಂಕು ಮುಂದಿದೆ, ಇಂಜಿನ್ ಹಿಂದಿದೆ. ಮಧ್ಯದ ಸುರಂಗದಲ್ಲಿ ಫ್ಯಾಕ್ಟರಿಯವರು ಎಳೆದದ್ದು ಪ್ಲಾಸ್ಟಿಕ್ ಪೈಪು. ಐವತ್ತು ವರ್ಷಕ್ಕೆ ಅದು ಹಪ್ಪಳ. ಕಾರ್ಬೊರೇಟರಿಗೆ ಬೇಕಾದ ಒತ್ತಡ ಮೂರು ಪಿಎಸ್‌ಐ ಆಸುಪಾಸು, ಇಂಜೆಕ್ಷನ್ನಿಗೆ ಇಪ್ಪತ್ತೊಂಬತ್ತು. ಒಡೆದರೆ ಬಿಸಿ ಇಂಜಿನ್ ಮೇಲೇ ಪಿಚಕಾರಿ. ಹೀಗೆ ಸುಟ್ಟುಹೋದ 914ಗಳು ಒಂದೆರಡಲ್ಲ. ಪೆಡಲುಗಳನ್ನ ಬಿಚ್ಚಿ, ಸುರಂಗದೊಳಗೆ ಸ್ಟೀಲ್ ಪೈಪು ತೂರಿಸಿ, ಪೆಟ್ರೋಲ್ ಹೋಗೋಕೊಂದು, ಉಳಿದದ್ದು ಟ್ಯಾಂಕಿಗೆ ವಾಪಸ್ ಬರೋಕೊಂದು ಅಂತ ಎರಡು ಲೈನ್ ಎಳೆದೆವು. ಮೂರು ದಿನ, ಎರಡೂ ಮೊಣಕೈ ಗೀರು. ಪಂಪನ್ನೂ ಮುಂದಕ್ಕೆ, ಟ್ಯಾಂಕಿನ ಕೆಳಗೆ ತಂದೆವು. ಮೊದಲ ಮಾಡೆಲುಗಳಲ್ಲಿ ಪಂಪು ಹಿಂದೆ ಇಂಜಿನ್ ಕಾವಿನಲ್ಲೇ ಇದ್ದು, ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಕಾರು ನಿಂತುಹೋಗ್ತಿತ್ತು. 1975ರಲ್ಲಿ ಪೋರ್ಷೆಯವರೇ ಅದನ್ನ ಮುಂದಕ್ಕೆ ಸರಿಸಿದ್ದರು. ಬ್ಯಾಟರಿ ಕೆಳಗಿನ ಮೂಲೆಯಲ್ಲಿ ಆಸಿಡ್ ಸೋರಿ ತುಕ್ಕು ತಿಂದಿರೋದು ಈ ಕಾರಿಗೆ ಜನ್ಮಕ್ಕಂಟಿದ ರೋಗ, ಅದಕ್ಕೆ ಅಮೆರಿಕನ್ನರು ನರಕದ ಗುಂಡಿ ಅಂತ ಹೆಸರೇ ಇಟ್ಟಿದ್ದಾರೆ. ನಮ್ಮ ಪುಣ್ಯ, ಅಲ್ಲಿ ಮೇಲ್ಮೇಲಿನ ತುಕ್ಕಷ್ಟೇ ಇತ್ತು.

ವೈರಿಂಗ್ ಕಟ್ಟನ್ನ ಹಳೇ ವರ್ಕ್‌ಶಾಪಿನವನು ಕನೆಕ್ಟರ್ ಬಿಚ್ಚೋ ತಾಳ್ಮೆ ಇಲ್ಲದೆ ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದ್ದ. ಹೊಸದು ತರಿಸಿದೆವು.

ಪೆಟ್ಟಿಗೆಯಿಂದ ತೆಗೆದ ಪ್ರೆಶರ್ ಸೆನ್ಸರಿಗೆ ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟರೆ ಮುಳ್ಳು ಸರ್ರನೆ ಇಳಿದುಹೋಯ್ತು. ಒಳಗಿನ ಡಯಾಫ್ರಮ್ ಬಿರುಕು ಬಿಟ್ಟಿತ್ತು. ವಯಸ್ಸಾದ ಈ ಸೆನ್ಸರುಗಳಲ್ಲಿ ಇದು ಮಾಮೂಲು, ಬಿರುಕು ಬಿಟ್ಟರೆ ಕಾರು ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಯುತ್ತೆ. ಬಹುಶಃ 1991ರಲ್ಲಿ ಕೆಟ್ಟಿದ್ದೂ ಇಷ್ಟೇ! ಒಂದು ತೆಳು ಲೋಹದ ಹಾಳೆಗಾಗಿ ಇಡೀ ಇಂಜೆಕ್ಷನ್ ಪೆಟ್ಟಿಗೆ ಸೇರಿತ್ತು. ಹೊಸ ಡಯಾಫ್ರಮ್ ಕಿಟ್ ಸಿಗುತ್ತೆ. ಕಾಯಿಲಿನ ಇಂಡಕ್ಟೆನ್ಸನ್ನ ಬೇರೆ ಬೇರೆ ವ್ಯಾಕ್ಯೂಮಿನಲ್ಲಿ ಅಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು, ಸ್ಕ್ರೂ ತಿರುಗಿಸಿ ಮತ್ತೆ ಅಳೆದು, ಹೀಗೆ ನಾಲ್ಕು ಸಂಜೆ. ಆ ಗ್ರಾಫ್ ಹಾಳೆ ಹಿಡಿದಿದ್ದಾಗ ಯಜಮಾನರ ಕೈ ನಡುಗುತ್ತಿರಲಿಲ್ಲ ಅಂತ ನನಗೆ ನೆನಪು.

ಇದರ ನಡುವೆಯೇ ಒಂದು ಇಂಟರ್‌ವ್ಯೂ. ಹಳೇ ಸಿಸ್ಟಮ್ ಒಂದನ್ನ ಹೇಗೆ ಮೈಗ್ರೇಟ್ ಮಾಡಿದಿರಿ ಅಂತ ಕೇಳಿದರು. ಆಫೀಸಿನ ಉತ್ತರ ರೆಡಿ ಇತ್ತು, ಅದನ್ನೇ ಹೇಳಿದೆ. ಮೂರನೇ ರೌಂಡಿನಲ್ಲಿ ಹೋಯ್ತು. ಅವತ್ತಿಗೆ ಮೂವತ್ತೆಂಟನೇ ದಿನ.

ನಲವತ್ತೊಂದನೇ ದಿನ ಮೊದಲ ಸಲ ಕೀ ತಿರುಗಿಸಿದ್ದು. ಬೆಂಕಿ ಆರಿಸೋ ಸಿಲಿಂಡರ್ ಹಿಡಿದು ನಾನು ಹಿಂದೆ, ಅವರು ಸೀಟಿನಲ್ಲಿ. ನಾಲ್ಕೈದು ಸುತ್ತು ತಿರುಗಿ ಹತ್ತಿಕೊಂಡಿತು. ಆದರೆ ಉಯ್ಯಾಲೆ ಆಡ್ತಿತ್ತು, ಒಂಬೈನೂರು ಆರ್‌ಪಿಎಂ, ಸಾವಿರದ ನಾನೂರು, ಮತ್ತೆ ಒಂಬೈನೂರು. ಜೊತೆಗೆ ಆಗಾಗ ಒಂದು ಮುಗ್ಗರಿಕೆ.

ಮುಗ್ಗರಿಕೆ ಆಸಿಲೋಸ್ಕೋಪಿನಲ್ಲಿ ಸಿಕ್ಕಿತು. ಡಿಸ್ಟ್ರಿಬ್ಯೂಟರಿನ ತಳದಲ್ಲಿ ಇಂಜೆಕ್ಷನ್ನಿಗಾಗಿಯೇ ಎರಡು ಪಾಯಿಂಟುಗಳಿವೆ. ಒಂದು, ಎರಡು ಇಂಜೆಕ್ಟರುಗಳ ಗುಂಪಿಗೆ, ಇನ್ನೊಂದು ಉಳಿದೆರಡಕ್ಕೆ. ಅವು ಮುಚ್ಚಿ ತೆರೆಯೋವಾಗ ಸ್ಕೋಪಿನಲ್ಲಿ ಚೊಕ್ಕ ಗೆರೆ ಬರೋ ಬದಲು ಅಂಚಿನಲ್ಲಿ ಹುಲ್ಲು ಬೆಳೆದ ಹಾಗೆ ಕಾಣ್ತು. ಮೈಕ್ರೋಕಂಟ್ರೋಲರಿಗೆ ಬಟನ್ ಜೋಡಿಸಿದವರಿಗೆಲ್ಲ ಗೊತ್ತಿರೋ ಬೌನ್ಸ್. ನಾವು ಅದನ್ನ ಕೋಡಿನಲ್ಲಿ ಸರಿ ಮಾಡ್ತೀವಿ. ಇಲ್ಲಿ ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಯಾಮಿಗೆ ಒಂದು ಚೂರು ಗ್ರೀಸ್ ಹಚ್ಚಿದೆವು.

ಉಯ್ಯಾಲೆ ಮಾತ್ರ ನಿಲ್ಲಲಿಲ್ಲ. ಆ ರಾತ್ರಿ ಅಪ್ಪ ವಿಡಿಯೋ ಕಾಲ್ ಮಾಡಿದ. "ಏನ್ಲಾ, ಮಸಿ ಬಳ್ಕೊಂಡಿದೀಯ? ಆಫೀಸ್ ಇಲ್ವಾ?" ರಜೆ ಹಾಕಿದೀನಿ ಅಂದೆ. ಕೆಲಸ ಹೋದ ವಿಷಯ ಊರಿಗೆ ತಿಳಿಸಿರಲಿಲ್ಲ, ತಿಳಿಸೋ ಹಾಗೂ ಇರಲಿಲ್ಲ. ಕಾರಿನ ಕಥೆ ಹೇಳಿದೆ. ಬಾಷ್ ಅಂದ ತಕ್ಷಣ, "ನಮ್ ಮೈಕೊ ಕಂಪ್ನಿಯೋರೇ ತಾನೇ ಅದು?" ಅಂದ. ಅವರೇ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೊ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ನಮ್ಮ ತೋಟದ ಡೀಸೆಲ್ ಪಂಪ್‌ಸೆಟ್ಟಿನಲ್ಲಿದ್ದ ನಾಜಲ್ಲು, ಪಂಪು ಎರಡೂ ಮೈಕೊದವೇ. ಡೀಸೆಲ್ ಇಂಜಿನ್ನಿಗೆ ಕಾರ್ಬೊರೇಟರ್ರೇ ಇಲ್ಲ, ಮೊದಲಿನಿಂದಲೂ ಇಂಜೆಕ್ಷನ್. ಹಾಗಾಗಿ ಇಂಜೆಕ್ಷನ್ ಅಂದರೆ ಅಪ್ಪನಿಗೆ ಭಯ ಇಲ್ಲ. ಫೋನಿನಲ್ಲಿ ಸದ್ದು ಕೇಳಿಸಿದೆ. "ಏರ್ ಎಳ್ಕೊತಾ ಐತೆ ಕಣ್ಲಾ, ಎಲ್ಲೋ ಲೂಸ್ ಐತೆ ನೋಡು" ಅಂದ. ಅವನು ಹೇಳಿದ್ದು ಡೀಸೆಲ್ ಪೈಪಿನೊಳಗೆ ಸೇರೋ ಗಾಳಿ. ನಮ್ಮದು ಬೇರೆ ದಾರಿ, ಆದರೆ ಊರು ಅದೇ.

ಮಾರನೇ ದಿನ ಹೊಗೆ ಬಿಡೋ ಯಂತ್ರದಿಂದ ಮ್ಯಾನಿಫೋಲ್ಡಿಗೆ ಹೊಗೆ ಊದಿದೆವು. ಇಂಜೆಕ್ಟರ್ ಸೀಲುಗಳು ಸರಿ, ರಬ್ಬರ್ ಪೈಪು ಸರಿ. ಹೊಗೆ ಬಂದಿದ್ದು ಇಂಜಿನ್ ಆಯಿಲ್ ಹಾಕೋ ಬಾಯಿಯ ಕೆಳಗಿನ ಗ್ಯಾಸ್ಕೆಟ್ಟಿನಿಂದ! ಆಯಿಲ್ ಇರೋ ಜಾಗಕ್ಕೂ ಪೆಟ್ರೋಲಿಗೂ ಏನು ಸಂಬಂಧ ಅನ್ನಿಸಬಹುದು. ಇಂಜಿನ್ನಿನ ಹೊಟ್ಟೆಯ ಆವಿಯನ್ನ ಈ ಕಾರು ಮ್ಯಾನಿಫೋಲ್ಡಿಗೇ ಎಳೆದುಕೊಳ್ಳುತ್ತೆ, ಹಾಗಾಗಿ ಅಲ್ಲಿ ಸೋರಿದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬಂದ ಹಾಗೇ. ಹೊಸ ಗ್ಯಾಸ್ಕೆಟ್ ಹಾಕಿ ಬೋಲ್ಟ್ ಬಿಗಿದ ಮೇಲೆ ಇಂಜಿನ್ ಒಂಬೈನೂರೈವತ್ತಕ್ಕೆ ಬಂದು ಕೂತಿತು. ಯಜಮಾನರು ಏನೂ ಮಾತಾಡಲಿಲ್ಲ. ಬಾನೆಟ್ ಮೇಲೆ ಕೈ ಇಟ್ಟು ನಿಂತಿದ್ದರು. ಆಮೇಲೆ ಅವರಿಗೇ ಜ್ಞಾಪಕ ಬಂತು ಅನ್ಸುತ್ತೆ, ಇಂಜಿನ್ ಇರೋದು ಹಿಂದೆ ಅಂತ, ಹಿಂದಕ್ಕೆ ಬಂದರು.

ಐವತ್ತೆರಡನೇ ದಿನ ಪೇಜ್ ಮಿಲ್ ರಸ್ತೆಯ ಏರಿನಲ್ಲಿ ಸ್ಕೈಲೈನ್ ತನಕ ಹೋದೆವು. ಅವರು ಓಡಿಸಿದ್ದು, ನಾನು ಪಕ್ಕದಲ್ಲಿ ಆಕ್ಸಿಜನ್ ಸೆನ್ಸರಿನ ಮೀಟರ್ ಹಿಡಿದು ಕೂತಿದ್ದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಾಳಿ-ಪೆಟ್ರೋಲ್ ಪ್ರಮಾಣ ಹನ್ನೆರಡೂವರೆ, ಹದವಾದ ಓಟದಲ್ಲಿ ಹದಿನಾಲ್ಕರ ಮೇಲೆ. ತಿರುವುಗಳಲ್ಲಿ ಅವರು ಗೇರ್ ಇಳಿಸಿದ ರೀತಿ ನೋಡಿದರೆ, ಸಣ್ಣ ನಟ್ಟು ಕಾಣದ ಮನುಷ್ಯ ಇವರೇನಾ ಅನ್ನಿಸ್ತಿತ್ತು. ಬೆಟ್ಟದ ಮೇಲೆ ನಿಂತಾಗ ಹೇಳಿದೆ: ಟಿಕೆಟ್ ಬುಕ್ ಮಾಡಿದೀವಿ, ಮುಂದಿನ ಮಂಗಳವಾರ ಹೊರಡ್ತೀವಿ. ಮಗಳ ಸ್ಕೂಲಿನ ಬಗ್ಗೆ ಕೇಳಿದರು. ನಮ್ಮ ಸೋಫಾ ತಗೊಳ್ಳೋರು ಯಾರಾದ್ರೂ ಸಿಕ್ಕರಾ ಅಂತ ಕೇಳಿದರು. ವಾಪಸ್ ಬರುವಾಗ ಕೀಯನ್ನ ನನ್ನ ಕೈಗೆ ಕೊಟ್ಟು, ಪಕ್ಕದ ಸೀಟಿನಲ್ಲಿ ಕೂತರು.

ಈಗ ನಾನಿರೋದು ಬೆಂಗಳೂರಿನಲ್ಲಿ, ಕೆಲಸವೂ ಇದೆ. ಹೋದ ವಾರ ಯಜಮಾನರ ಮೆಸೇಜು: ಚಳಿ ಶುರುವಾದ ಮೇಲೆ ಬೆಳಗ್ಗೆ ಎರಡನೇ ಸಲಕ್ಕೆ ಸ್ಟಾರ್ಟ್ ಆಗ್ತಿದೆ, ಹಿಂದಿನಿಂದ ಕಪ್ಪು ಹೊಗೆ. ನನಗೆ ಅನುಮಾನ ಇರೋದು ಸಿಲಿಂಡರ್ ಹೆಡ್ಡಿನ ಟೆಂಪರೇಚರ್ ಸೆನ್ಸರ್ ಮೇಲೆ. ಅದರ ವೈರ್ ಎಲ್ಲಾದರೂ ಸಡಿಲವಾಗಿದ್ದರೆ ಕಂಪ್ಯೂಟರಿಗೆ ಅದು ಹಿಮಾಲಯದ ಚಳಿ ಅಂತ ಕಾಣುತ್ತೆ, ಪೆಟ್ರೋಲ್ ಸುರೀತಾ ಹೋಗುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಮಲ್ಟಿಮೀಟರಿನಲ್ಲಿ ಓಮ್ಸ್ ನೋಡಿ, ವೈರನ್ನ ಸ್ವಲ್ಪ ಅಲ್ಲಾಡಿಸಿ ಮತ್ತೆ ನೋಡಿ ಅಂತ ಬರೆದೆ. ಮೀಟರಿನ ಅಂಕಿ ಕಾಣಲ್ಲ, ನೀನೇ ಓದು ಅಂದಿದ್ದಾರೆ. ಅವರ ಬೆಳಗ್ಗೆ ಏಳೂವರೆಗೆ, ಅಂದರೆ ನಮ್ಮ ರಾತ್ರಿ ಒಂಬತ್ತಕ್ಕೆ, ವಿಡಿಯೋ ಕಾಲ್ ಮಾಡ್ತಾರೆ.